ನಾಲ್ಕು ತಾಲ್ಲೂಕಿನ ರುಕ್ಮಿಣಿ

ಚಿಕ್ಕಬಳ್ಳಾಪುರದ ನಗರ ನಿಸರ್ಗ ಚರಿತ್ರೆ ವಸ್ತುಸಂಗ್ರಹಾಲಯವು ಸೋಮವಾರ ಹಾಗೂ ಸರ್ಕಾರಿ ರಜಾದಿನಗಳನ್ನು ಬಿಟ್ಟು ಉಳಿದೆಲ್ಲ ದಿನ ಬೆಳಿಗ್ಗೆ ಹತ್ತೂವರೆಯಿಂದ ಸಂಜೆ ಐದರವರೆಗೆ ಸಾರ್ವಜನಿಕರಿಗೆ ತೆರೆದಿರುತ್ತದೆ. ಸಂಗ್ರಹಾಲಯಕ್ಕೆ ಕಟ್ಟಡವಿಲ್ಲ. ಇದರಿಂದ ಯಾರಿಗೂ ಯಾವ ತೊಂದರೆಯೂ ಆಗಿಲ್ಲವೆಂದು ಪ್ರತಿ ವರ್ಷದ ವರದಿಯಲ್ಲೂ ತಪ್ಪದೆ ನಮೂದಾಗಿದೆ.

ಈ ಸಂಗತಿ ತಿಳಿಯದ ಗಂಗುಲಮ್ಮ ಒಂದು ಬುಧವಾರ ಮಧ್ಯಾಹ್ನ ಗೌರಿಬಿದನೂರಿನ ಬಸ್ಸಿನಿಂದಿಳಿದು, ಬಿಸಿಲಲ್ಲೇ ನಡೆದು, ಉದ್ದ ಜಗಲಿಯ ಹಳೇ ಹೆಂಚಿನ ಕಟ್ಟಡದ ಮುಂದೆ ಬಂದು ನಿಂತರು. ನಗರಗೆರೆಯ ಸರ್ಕಾರಿ ಶಾಲೆಯಲ್ಲಿ ಮೂವತ್ತೈದು ವರ್ಷ ಪಾಠ ಹೇಳಿ ಹಿಂದಿನ ತಿಂಗಳಷ್ಟೇ ನಿವೃತ್ತರಾದವರು ಅವರು. ಅಷ್ಟು ವರ್ಷವೂ ಮಕ್ಕಳ ಪ್ರವಾಸವನ್ನು ನಂದಿಗೋ ಮುದ್ದೇನಹಳ್ಳಿಗೋ ಕರೆದುಕೊಂಡು ಹೋಗಿದ್ದರೇ ಹೊರತು ಈ ಕಡೆ ತಿರುಗಿರಲಿಲ್ಲ. ಮಕ್ಕಳ ಮುಂದೆ ಅತ್ತುಬಿಟ್ಟರೆ ಏನು ಗತಿ ಎಂಬ ಅಂಜಿಕೆ.

ಅಳು ಬರಲು ಕಾರಣ ಒಂದು ಆನೆ. ಗಂಗುಲಮ್ಮನ ತಂದೆ ಕೋನಪ್ಪ ಸಣ್ಣದೊಂದು ಸರ್ಕಸ್ ಕಂಪನಿಯಲ್ಲಿ ರುಕ್ಮಿಣಿ ಎಂಬ ಆನೆಯನ್ನು ನೋಡಿಕೊಳ್ಳುತ್ತಿದ್ದರು. ಗಂಗುಲಮ್ಮ ನಡೆಯುವುದನ್ನು ಕಲಿತದ್ದೇ ಅದರ ಕಾಲು ಹಿಡಿದುಕೊಂಡು. ಅವರಿಗೆ ಎಂಟು ವರ್ಷವಾಗಿದ್ದಾಗ ಕಂಪನಿ ಚಿಕ್ಕಬಳ್ಳಾಪುರದಲ್ಲಿ ಡೇರೆ ಹಾಕಿತ್ತು. ರುಕ್ಮಿಣಿ ಮೂರು ದಿನ ಜ್ವರ ಬಂದು ಸತ್ತಿತು. ಕಂಪನಿ ಮುಂದಿನ ಊರಿಗೆ ಹೋಯಿತು. ಕೋನಪ್ಪ ಹೋಗಲಿಲ್ಲ. ಆನೆಯನ್ನು ಮಣ್ಣು ಮಾಡಿದ ಊರಲ್ಲೇ ತೋಟದ ಕೆಲಸಕ್ಕೆ ಸೇರಿಕೊಂಡರು. ನಾಲ್ಕು ವರ್ಷದ ಮೇಲೆ ಸಂಗ್ರಹಾಲಯದವರು ಮೂಳೆಗಳನ್ನು ಅಗೆದು ತೆಗೆದು, ತಂತಿ ಕಟ್ಟಿ ನಿಲ್ಲಿಸುವಾಗ ಕೋನಪ್ಪ ಪಕ್ಕದಲ್ಲಿ ನಿಂತು, "ಹಂಗಲ್ಲ ಸ್ವಾಮಿ, ಅವ್ಳು ಬಲಗಾಲು ಒಂದು ಗೇಣು ಮುಂದಿಟ್ಟು ನಿಲ್ತಿದ್ಲು" ಎಂದು ಹೇಳಿ, ಹಾಗೇ ನಿಲ್ಲಿಸಿದ್ದರು. ಗಂಗುಲಮ್ಮ ಅದನ್ನು ನೋಡಿದ್ದು ಅದೊಂದೇ ಸಲ, ಹನ್ನೆರಡನೆಯ ವಯಸ್ಸಿನಲ್ಲಿ. ಆಮೇಲೆ ಮದುವೆ, ಕೆಲಸ, ಮನೆ; ಅಪ್ಪನೂ ಮಗಳ ಜೊತೆ ನಗರಗೆರೆಗೇ ಬಂದು ಸೇರಿದರು. ಕೋನಪ್ಪ ಪ್ರತಿ ಯುಗಾದಿಗೂ "ಒಂದ್ಸಲ ಹೋಗಿ ರುಕ್ಮಿಣೀನ ನೋಡ್ಕಂಡು ಬರಣ ಕಣಮ್ಮಿ" ಎನ್ನುತ್ತಿದ್ದರು. ಎರಡು ವರ್ಷದ ಹಿಂದೆ ತೀರಿಕೊಂಡರು.

ಗಂಗುಲಮ್ಮ ಜಗಲಿ ಹತ್ತಿ ಒಳಗೆ ನೋಡಿದರು. ಆನೆ ನಿಂತಿದ್ದ ಹಜಾರದಲ್ಲಿ ಇಪ್ಪತ್ತೆರಡು ಮೇಜುಗಳಿದ್ದವು. ಒಳಗಿನಿಂದ ಎದ್ದು ಬಂದವರು ಪ್ರದರ್ಶನಾಧಿಕಾರಿ ಮುರಳಿಮೋಹನ್. ಇಸ್ತ್ರಿ ಅಂಗಿಯ, ತುಂಬ ಮರ್ಯಾದಸ್ಥ ಮನುಷ್ಯ.

"ಬನ್ನಿ ಅಮ್ಮ, ಕೂತ್ಕೊಳಿ. ಏನಾಗ್ಬೇಕಿತ್ತು?"

"ಆನೆ ನೋಡ್ಬೇಕಿತ್ತು ಸಾರ್."

"ಯಾವ ಭಾಗ ಅಮ್ಮ?"

"ಯಾವ ಭಾಗ ಅಂದ್ರೆ? ಇಡೀ ಆನೆ."

ಮುರಳಿಮೋಹನ್ ಅವರಿಗೆ ನೀರು ತರಿಸಿಕೊಟ್ಟು ವಿವರಿಸಿದರು. ಒಂಬತ್ತು ವರ್ಷದ ಹಿಂದೆ ಸಂಗ್ರಹಾಲಯವನ್ನು ಅಭಿವೃದ್ಧಿಪಡಿಸಲು ತೀರ್ಮಾನವಾಯಿತು. ಅಭಿವೃದ್ಧಿಗೆ ಇಪ್ಪತ್ತೆರಡು ಸಿಬ್ಬಂದಿಯ ಒಂದು ಕಚೇರಿ ಮಂಜೂರಾಯಿತು. ಕಚೇರಿಗೆ ಸೂಕ್ತ ಕಟ್ಟಡ ಹುಡುಕಿದಾಗ ಊರಲ್ಲಿ ಸಿಕ್ಕಿದ್ದು ಸಂಗ್ರಹಾಲಯದ ಕಟ್ಟಡ ಒಂದೇ. ಆದ್ದರಿಂದ ಪ್ರಾಣಿಪಕ್ಷಿಗಳನ್ನು ತಾತ್ಕಾಲಿಕವಾಗಿ ಊರಿನ ಬೇರೆ ಬೇರೆ ಕಚೇರಿಗಳಿಗೆ ಕಳುಹಿಸಲಾಯಿತು. ಅಭಿವೃದ್ಧಿ ಮುಗಿದ ಕೂಡಲೇ ಅವು ಹಿಂದಿರುಗುತ್ತವೆ. ಕಟ್ಟಡ ಖಾಲಿಯಾದ ಕೂಡಲೇ ಅಭಿವೃದ್ಧಿ ಶುರುವಾಗುತ್ತದೆ.

"ಕಟ್ಟಡ ಯಾವಾಗ ಖಾಲಿಯಾಗುತ್ತೆ ಸಾರ್?"

"ಅಭಿವೃದ್ಧಿ ಮುಗಿದ್ಮೇಲೆ ನಮ್ಮನ್ನ ಇಲ್ಲಿ ಯಾರು ಇಟ್ಕೊಳ್ತಾರಮ್ಮ?" ಎಂದು ಮುರಳಿಮೋಹನ್ ನಕ್ಕರು.

ಆನೆಯದು ಮಾತ್ರ ಪ್ರತ್ಯೇಕ ಕಡತ. ಅಷ್ಟು ದೊಡ್ಡ ಪ್ರಾಣಿಯನ್ನು ಚಿಕ್ಕಬಳ್ಳಾಪುರ ಒಂದೇ ಇಟ್ಟುಕೊಳ್ಳುವುದು ಉಳಿದ ತಾಲ್ಲೂಕುಗಳಿಗೆ ಮಾಡುವ ಅನ್ಯಾಯವೆಂದು ಮನವಿಗಳು ಬಂದಿದ್ದವು. ಅಸ್ಥಿ ಹಂಚಿಕೆ ಸಮಿತಿ ರಚನೆಯಾಯಿತು. ತಲೆ ಚಿಕ್ಕಬಳ್ಳಾಪುರಕ್ಕೆ, ಮುಂಗಾಲು ಎರಡೂ ಗೌರಿಬಿದನೂರಿಗೆ, ಬೆನ್ನೆಲುಬು ಮತ್ತು ಪಕ್ಕೆಲುಬು ಚಿಂತಾಮಣಿಗೆ, ಸೊಂಟ, ಹಿಂಗಾಲು ಮತ್ತು ಬಾಲ ಶಿಡ್ಲಘಟ್ಟಕ್ಕೆ ಸಂದವು. ನಮಗೇ ಯಾಕೆ ಹಿಂಭಾಗ ಎಂದು ಶಿಡ್ಲಘಟ್ಟದ ಕಡೆಯಿಂದ ಆಕ್ಷೇಪ ಬಂತು. ಅದು ನ್ಯಾಯವಾದ ಆಕ್ಷೇಪವೇ ಆಗಿದ್ದುದರಿಂದ, ಕಡತದಲ್ಲಿ "ಹಿಂಭಾಗ" ಎಂದಿರುವ ಕಡೆಯಲ್ಲೆಲ್ಲ "ಮುಂದುವರಿದ ಭಾಗ" ಎಂದು ಓದಿಕೊಳ್ಳತಕ್ಕದ್ದೆಂದು ತಿದ್ದುಪಡಿ ಹೊರಡಿಸಲಾಯಿತು. ಎಲ್ಲರೂ ಸಂತೋಷಪಟ್ಟರು.

"ಮುಂಗಾಲು ನಮ್ಮ ತಾಲ್ಲೂಕಲ್ಲೇ ಇದ್ಯಾ?" ಗಂಗುಲಮ್ಮನ ದನಿ ಸಣ್ಣಗಾಗಿತ್ತು. "ನಂಗೊಂದು ಮಾತೂ ಗೊತ್ತಾಗ್ಲಿಲ್ವಲ್ಲ ಸಾರ್."

"ಅಲ್ಲಿ ಮಂಗಳವಾರ ಮಾತ್ರ ತೋರಿಸ್ತಾರಮ್ಮ. ಇವತ್ತು ನೀವು ತಲೆ ನೋಡ್ಬಹುದು. ಆದ್ರೆ ಅದು ಕೊನೇ ನಿಲ್ದಾಣ."

ಅವರು ಹರಿದುಕೊಟ್ಟ ಟಿಕೇಟಿನ ಹಿಂದೆ ಹೀಗೆ ಅಚ್ಚಾಗಿತ್ತು: "ವೀಕ್ಷಕರು ಸಂಗ್ರಹಾಲಯವನ್ನು ಕಡ್ಡಾಯವಾಗಿ ನಡೆದೇ ನೋಡತಕ್ಕದ್ದು. ಸಂಗ್ರಹಾಲಯದೊಳಗೆ ವಾಹನಗಳಿಗೆ ಪ್ರವೇಶವಿಲ್ಲ. ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಹೋಗುವ ರಸ್ತೆ, ಚರಂಡಿ, ಸಂತೆ ಹಾಗೂ ತಿರುವುಗಳನ್ನು ಸಂಗ್ರಹಾಲಯದ ಓಣಿಯೆಂದು ಭಾವಿಸತಕ್ಕದ್ದು. ಮೂರು ನಿಲ್ದಾಣಗಳ ಮೊಹರು ಇಲ್ಲದವರಿಗೆ ನಾಲ್ಕನೆಯದನ್ನು ತೋರಿಸಲಾಗುವುದಿಲ್ಲ."

ಗಂಗುಲಮ್ಮ ಸೆರಗನ್ನು ತಲೆಮೇಲೆ ಎಳೆದುಕೊಂಡು ಹೊರಟರು.

ಮೊದಲ ನಿಲ್ದಾಣ ಅಳತೆ ಮತ್ತು ಮರುಅಳತೆ ಕಚೇರಿ, ಮುಕ್ಕಾಲು ಮೈಲಿ. ಅಲ್ಲಿ ಹೊಟ್ಟು ತುಂಬಿ ನಿಲ್ಲಿಸಿದ ಚಿರತೆಯೊಂದು ದೂರು ಸ್ವೀಕರಿಸುವ ಕಿಟಕಿಯ ಪಕ್ಕದಲ್ಲಿ ಬಾಯಿ ತೆರೆದು ನಿಂತಿತ್ತು. ಅದು ಬಂದ ಮೇಲೆ ದೂರುಗಳು ಅರ್ಧಕ್ಕಿಂತ ಕಡಿಮೆಯಾಗಿವೆಯೆಂದೂ, ಕಚೇರಿಯ ಕೆಲಸ ಸುಧಾರಿಸಿರುವುದಕ್ಕೆ ಇದೇ ಪುರಾವೆಯೆಂದೂ ಗುಮಾಸ್ತರು ಹೇಳಿ ಮೊಹರು ಒತ್ತಿದರು.

ಎರಡನೆಯದು ಉಗ್ರಾಣ ಸಮನ್ವಯ ಮಂಡಳಿ. ಅಲ್ಲಿ ಗಾಜಿನ ಭರಣಿಗಳಲ್ಲಿ ಹಾವುಗಳಿದ್ದವು. ಹಾವು ಕೆಡದಂತೆ ತುಂಬಿಸಿದ್ದ ಸ್ಪಿರಿಟ್ಟು ಮಾತ್ರ ಒಂದು ಭರಣಿಯಲ್ಲೂ ಇರಲಿಲ್ಲ. ಪ್ರತಿ ವರ್ಷ ಡಿಸೆಂಬರ್ ಮೂವತ್ತೊಂದರ ಸಂಜೆ ದ್ರವವು ತಾನಾಗಿಯೇ ಆವಿಯಾಗುತ್ತದೆಂದೂ, ಇದರ ವೈಜ್ಞಾನಿಕ ಕಾರಣ ಪತ್ತೆಗೆ ತಜ್ಞರ ತಂಡ ಕೋರಲಾಗಿದೆಯೆಂದೂ ಗೋಡೆಯ ಮೇಲೆ ಚೀಟಿ ಅಂಟಿಸಿದ್ದರು. ತಂಡ ಬರುವ ದಿನಾಂಕವನ್ನೂ ಅದರಲ್ಲೇ ಕೊಟ್ಟಿದ್ದರು: ಡಿಸೆಂಬರ್ ಮೂವತ್ತೊಂದು.

ಮೂರನೆಯ ನಿಲ್ದಾಣ ಹುಡುಕುವಷ್ಟರಲ್ಲಿ ಮೂರು ಗಂಟೆಯಾಯಿತು. ಪಕ್ಷಿ ವಿಭಾಗವನ್ನು ಒಬ್ಬ ಅಧಿಕಾರಿಯ ಮನೆಯಲ್ಲಿ ಇಟ್ಟಿದ್ದರು. ಅಧಿಕಾರಿ ವರ್ಗವಾಗಿ ಬೇರೆ ಜಿಲ್ಲೆಗೆ ಹೋಗಿ, ಅವರ ಅತ್ತೆ ಅಮ್ಮಾಜಮ್ಮ ಮಾತ್ರ ಹಕ್ಕಿಗಳ ಜೊತೆ ಉಳಿದಿದ್ದರು. ಎಂಬತ್ತರ ಹತ್ತಿರದ ಹೆಂಗಸು.

"ಏಮಮ್ಮಾ, ಈ ಬಿಸಿಲಲ್ಲಿ ನಡ್ಕಂಡು ಬಂದ್ಯಾ? ರಾ ರಾ, ಒಳಗೆ ಬಾ. ಹಕ್ಕಿ ಎಲ್ಲೋಗಲ್ಲ, ಮೊದ್ಲು ಮಜ್ಜಿಗೆ ಕುಡಿ."

ಗಾಜಿನ ಬೀರುವಿನಲ್ಲಿ ನವಿಲು, ಗೂಬೆ, ಕೊಕ್ಕರೆಗಳ ನಡುವೆ ಸ್ಟೀಲ್ ಡಬ್ಬಿಗಳನ್ನು ಒಪ್ಪವಾಗಿ ಜೋಡಿಸಿದ್ದರು. ಗೂಬೆಯ ಕೆಳಗೆ ಹುಣಸೆಹಣ್ಣು, ಕೊಕ್ಕರೆಯ ಕೆಳಗೆ ಅವರೆಬೇಳೆ. ಕಳೆದ ತಪಾಸಣೆಯಲ್ಲಿ ಬಂದ ಅಧಿಕಾರಿಗಳು ಇದನ್ನೆಲ್ಲ ಹಕ್ಕಿಗಳ ಆಹಾರವೆಂದು ಬರೆದುಕೊಂಡು ಹೋಗಿದ್ದಾರೆಂದು ಅಮ್ಮಾಜಮ್ಮ ಹೇಳಿದರು.

"ನಿನಗ್ಯಾಕಮ್ಮ ಆ ತಲೆ?" ಎಂದು ಅವರು ಕೇಳಿದಾಗ ಗಂಗುಲಮ್ಮನಿಗೆ ಅದೇನನ್ನಿಸಿತೋ, ಅಪ್ಪನ ವಿಷಯ, ಡೇರೆಯ ವಿಷಯ, ರುಕ್ಮಿಣಿಯ ಹಣೆಯ ಮೇಲೆ ಎಡಗಡೆ ಇದ್ದ ಗುಳಿಯ ವಿಷಯ ಎಲ್ಲ ಹೇಳಿಬಿಟ್ಟರು. ಡೇರೆಯ ಕಂಬ ಬಿದ್ದು ಆದ ಗುಳಿ ಅದು. ಚಿಕ್ಕಂದಿನಲ್ಲಿ ಅವರ ಅಂಗೈ ಅದರೊಳಗೆ ಸರಿಯಾಗಿ ಕೂರುತ್ತಿತ್ತು.

ಅಮ್ಮಾಜಮ್ಮ ಅವರ ಲೋಟಕ್ಕೆ ಇನ್ನಷ್ಟು ಮಜ್ಜಿಗೆ ಸುರಿದರು. ಆಮೇಲೆ ಮೊಹರನ್ನು ಅವರೆಬೇಳೆ ಡಬ್ಬಿಯಿಂದ ತೆಗೆದು ಒತ್ತಿ, "ಹೋಗಮ್ಮ, ಬೇಗ ಹೋಗು. ಐದಕ್ಕೆ ಬಾಗಿಲು ಹಾಕ್ತಾರೆ. ಆ ಕೆಂಪರಾಜು ಅನ್ನೋನು ಗಡಿಯಾರ ನೋಡ್ಕೊಂಡೇ ಕೂತಿರ್ತಾನೆ" ಎಂದರು.

ನಾಲ್ಕನೆಯ ನಿಲ್ದಾಣ ಜನಮನವಿ ಭವನ. ಗಂಗುಲಮ್ಮ ಒಳಗೆ ಕಾಲಿಟ್ಟಾಗ ಅಲ್ಲಿ ಐವತ್ತು ಅರವತ್ತು ಜನರ ಸಾಲಿತ್ತು. ಸಾಲಿನ ಕೊನೆಯಲ್ಲಿ ಸಿಮೆಂಟಿನ ಕಟ್ಟೆಯ ಮೇಲೆ ರುಕ್ಮಿಣಿಯ ತಲೆಬುರುಡೆ ಇತ್ತು. ಹಣೆಗೆ ಅರಿಶಿನ ಕುಂಕುಮ ಬಿದ್ದಿತ್ತು. ಸೊಂಡಿಲು ಇದ್ದ ಜಾಗದ ದೊಡ್ಡ ರಂಧ್ರದೊಳಕ್ಕೆ ಜನ ಒಬ್ಬೊಬ್ಬರಾಗಿ ಮಡಿಸಿದ ಅರ್ಜಿಗಳನ್ನು ತುರುಕಿ, ಕೈಮುಗಿದು, ಪಕ್ಕಕ್ಕೆ ಸರಿಯುತ್ತಿದ್ದರು. ಈ ವ್ಯವಸ್ಥೆ ಬಂದ ಏಳು ವರ್ಷಗಳಲ್ಲಿ ಒಂದು ಅರ್ಜಿಯೂ ತಿರಸ್ಕೃತವಾಗಿಲ್ಲ. ಏಕೆಂದರೆ ಒಂದು ಅರ್ಜಿಯನ್ನೂ ಹೊರಗೆ ತೆಗೆದಿಲ್ಲ. ಮೊದಲು ಮೇಜಿನ ಮೇಲೆ ಕೊಡುತ್ತಿದ್ದ ಕಾಲದಲ್ಲಿ ಎಲ್ಲವೂ ತಿರಸ್ಕೃತವಾಗುತ್ತಿದ್ದುದರಿಂದ, ಜನರಿಗೆ ಆನೆಯ ಮೇಲೆ ನಂಬಿಕೆ ಹೆಚ್ಚು.

ಗಂಗುಲಮ್ಮ ಸಾಲನ್ನು ಬಿಟ್ಟು ನೇರವಾಗಿ ಹೋದರು. ಕಣ್ಣಿನ ಗುಳಿಯೊಂದರಿಂದ ಯಾರದೋ ಪಡಿತರ ಚೀಟಿಯ ನಕಲು ಇಣುಕುತ್ತಿತ್ತು. ಅದನ್ನು ಒಳಕ್ಕೆ ಸರಿಸಿ ಹಣೆಯ ಎಡಗಡೆಗೆ ಕೈಯಿಟ್ಟರು. ಕುಂಕುಮದ ಕೆಳಗೆ ಗುಳಿ ಇತ್ತು. ಅಂಗೈ ಈಗ ಅದರಲ್ಲಿ ಹಿಡಿಸಲಿಲ್ಲ. ಮೂರು ಬೆರಳು ಹಿಡಿಸಿದವು.

"ಏಯ್ ಅಮ್ಮ, ಮುಟ್ಟಂಗಿಲ್ಲ! ಅರ್ಜಿ ಇದ್ರೆ ಮಾತ್ರ ಮುಟ್ಬಹುದು" ಎಂದು ಕುರ್ಚಿಯಿಂದಲೇ ಕೂಗಿದವನು ಕಾವಲುಗಾರ ಕೆಂಪರಾಜು. ಹತ್ತಿರ ಬಂದು ನೋಡಿದಾಗ ಅವರ ಕೆನ್ನೆ ಒದ್ದೆಯಾಗಿತ್ತು. ಅವನು ಸ್ವಲ್ಪ ಮೆತ್ತಗಾದ. "ಏನ್ ಬೇಕಮ್ಮ? ಏನಾದ್ರೂ ಬರ್ಕೊಡು, ಹಾಕು, ಮುಟ್ಟು. ರೂಲ್ಸು ಅಷ್ಟೇ."

"ಇದು ನಮ್ಮ ರುಕ್ಮಿಣಿ ಕಣಪ್ಪ. ನಮ್ಮಪ್ಪ ಸಾಕಿದ್ದು."

ಆ ಮಾತಿಗೆ ಕೆಂಪರಾಜು ನೆಟ್ಟಗೆ ನಿಂತ. ಕೈಕಟ್ಟಿಕೊಂಡ. ಆಮೇಲೆ ಮೊಬೈಲು ತೆಗೆದು ದೊಡ್ಡ ದನಿಯಲ್ಲಿ ಹೇಳಿದ: "ಸಾರ್, ಬೇಗ ಬನ್ನಿ. ಆನೆ ಕಡೆಯೋರು ಸಿಕ್ಕಿದ್ದಾರೆ!"

ಹತ್ತು ನಿಮಿಷಕ್ಕೆ ಮುರಳಿಮೋಹನ್ ಏದುಸಿರು ಬಿಡುತ್ತ ಬಂದರು. ನಡೆದೇ ಬಂದಿದ್ದರು, ನಿಯಮ ಅವರಿಗೂ ಅನ್ವಯಿಸುತ್ತಿತ್ತು. "ಮೊದ್ಲೇ ಹೇಳಬಾರದಿತ್ತಾ ಅಮ್ಮ! ಆರು ವರ್ಷದಿಂದ ಹುಡುಕ್ತಾ ಇದೀವಿ."

ಸಂಗತಿ ಇಷ್ಟೇ. ವಾರಸುದಾರರ ಒಪ್ಪಿಗೆಯಿಲ್ಲದೆ ಆನೆಯನ್ನು ವಿಭಾಗ ಮಾಡಿದ್ದು ಹೇಗೆ ಎಂದು ಲೆಕ್ಕಪರಿಶೋಧಕರು ಒಂದು ಆಕ್ಷೇಪಣೆ ಬರೆದಿಟ್ಟು ಹೋಗಿದ್ದರು. ಕೂಡಲೇ ಪತ್ರಿಕೆಯಲ್ಲಿ ಪ್ರಕಟಣೆ ಹೊರಟಿತು: "ಮೃತ ಆನೆಯ ರಕ್ತಸಂಬಂಧಿಗಳು ಯಾರಾದರೂ ಇದ್ದಲ್ಲಿ ಹದಿನೈದು ದಿನಗಳೊಳಗೆ ಗುರುತಿನ ಚೀಟಿಯೊಂದಿಗೆ ಖುದ್ದು ಹಾಜರಾಗತಕ್ಕದ್ದು." ಯಾವ ಆನೆಯೂ ಹಾಜರಾಗಲಿಲ್ಲ. ಆಕ್ಷೇಪಣೆ ಹಾಗೇ ಉಳಿದು, ಅದು ತೀರುವ ತನಕ ಯಾರಿಗೂ ಬಡ್ತಿಯಿಲ್ಲವೆಂದಾಗಿ, ಇಪ್ಪತ್ತೆರಡು ಜನರೂ ಆರು ವರ್ಷದಿಂದ ಇದ್ದಲ್ಲೇ ಇದ್ದರು.

ಸ್ವಲ್ಪ ಹೊತ್ತಿಗೆ ಅಸ್ಥಿ ಹಂಚಿಕೆ ಸಮಿತಿಯ ಅಧ್ಯಕ್ಷರಾದ ಮೋಹನ್‌ಬಾಬು ಕೂಡ ಬಂದರು. ಬಿಳಿ ಬಟ್ಟೆ, ಬಿಳಿ ಚಪ್ಪಲಿ, ಸಮಾಧಾನದ ಮುಖ. ಮುರಳಿಮೋಹನ್ ಕಾಗದವೊಂದನ್ನು ಗಂಗುಲಮ್ಮನ ಮುಂದಿಟ್ಟರು. ಆನೆಯನ್ನು ನಾಲ್ಕು ಭಾಗ ಮಾಡಲು ತನ್ನ ಪೂರ್ಣ ಒಪ್ಪಿಗೆಯಿದೆ ಎಂಬ ಪತ್ರ. "ಮೃತರೊಂದಿಗೆ ಸಂಬಂಧ" ಎಂಬ ಜಾಗ ಖಾಲಿಯಿತ್ತು.

ಗಂಗುಲಮ್ಮ ಎರಡು ಸಲ ಓದಿದರು. "ನಾನು ರುಜು ಹಾಕಲ್ಲ" ಎಂದರು.

ಅರ್ಜಿ ಹಾಕುವವರ ಸಾಲೂ ನಿಂತುಹೋಯಿತು.

"ನಮ್ಮಪ್ಪ ಪಕ್ಕದಲ್ಲಿ ನಿಂತ್ಕೊಂಡು ಒಂದೊಂದು ಮೂಳೆ ತೋರಿಸಿ ನಿಲ್ಲಿಸಿದ್ದು ಸಾರ್. ಅವಳನ್ನ ಒಂದು ಕಡೆ ಸೇರಿಸಿ. ಆಮೇಲೆ ಏನ್ ಹೇಳಿದ್ರೂ ಬರ್ಕೊಡ್ತೀನಿ."

"ಸೇರಿಸೋಕಾಗಲ್ಲಮ್ಮ" ಎಂದು ಮುರಳಿಮೋಹನ್ ನಿಜವಾದ ಸಂಕಟದಿಂದ ಹೇಳಿದರು. "ಶಿಡ್ಲಘಟ್ಟದಲ್ಲಿ ಮುಂದುವರಿದ ಭಾಗಕ್ಕೆ ಅಂತ ಒಂದು ಕಮಾನೇ ಕಟ್ಟಿದ್ದಾರೆ. ಮುಟ್ಟಿದ್ರೆ ಬಸ್ಸು ಓಡಲ್ಲ. ಚಿಂತಾಮಣಿಯಲ್ಲಿ ಒಂದೊಂದು ಪಕ್ಕೆಲುಬಿಗೂ ದಾನಿಗಳ ಹೆಸರು ಕೆತ್ತಿಸಿದ್ದಾರೆ."

"ಹಂಗಾದ್ರೆ ಒಡೆದ ಆನೆಗೆ ನಾನ್ಯಾಕೆ ಒಪ್ಪಿಗೆ ಕೊಡ್ಲಿ?"

ಇಷ್ಟು ಹೊತ್ತೂ ಕಣ್ಣುಮುಚ್ಚಿಕೊಂಡಿದ್ದ ಮೋಹನ್‌ಬಾಬು ಆಗ ಕಣ್ಣುಬಿಟ್ಟರು. "ಆನೆ ಒಡೆದಿದೆ ಅಂತ ಯಾರಮ್ಮ ಹೇಳಿದ್ದು? ಆನೆ ದೊಡ್ಡದಾಗಿದೆ."

ಅವರೇ ಮುಂದುವರಿಸಿದರು.

"ತಲೆ ಇಲ್ಲಿದೆ, ಕಾಲು ಗೌರಿಬಿದನೂರಲ್ಲಿದೆ. ಒಂದು ಮೂಳೆನಾದ್ರೂ ಕಳೆದಿದ್ಯಾ? ಇಲ್ಲ. ಎಲ್ಲ ಇದೆ. ಮಧ್ಯೆ ಸ್ವಲ್ಪ ಜಾಗ ಬಿಟ್ಟಿದೆ, ಅಷ್ಟೇ. ಮೊದ್ಲು ಮೂಳೆ ಮೂಳೆ ಮಧ್ಯೆ ಒಂದು ಬೆರಳು ಜಾಗ ಇರ್ಲಿಲ್ವಾ? ಈಗ ಹತ್ತು ಹದಿನೈದು ಮೈಲಿ ಇದೆ. ಆನೆ ಇಡಿಯಾಗೇ ಇದೆ ಅಂತ ನಿರ್ಣಯ ಬರ್ಕೊಳ್ರೀ."

ಮುರಳಿಮೋಹನ್ ಬರೆದುಕೊಂಡರು. ಗಂಗುಲಮ್ಮ ಮೂವತ್ತೈದು ವರ್ಷ ಭೂಗೋಳ ಹೇಳಿಕೊಟ್ಟವರು, ಸುಮ್ಮನಿರಲಾಗಲಿಲ್ಲ.

"ಮಧ್ಯೆ ಊರುಗಳಿವೆಯಲ್ಲ ಸಾರ್?"

"ಅವು ಆನೆ ಒಳಗಿವೆ."

"ಇಲ್ಲಿಂದ ಹೋದ್ರೆ ಮೊದ್ಲು ಶಿಡ್ಲಘಟ್ಟ ಸಿಗುತ್ತೆ, ಆಮೇಲೆ ಚಿಂತಾಮಣಿ. ಬಾಲ ಆದ್ಮೇಲೆ ಹೊಟ್ಟೆ ಬರುತ್ತಾ?"

ಇದು ಕಷ್ಟದ ಪ್ರಶ್ನೆಯಾಗಿತ್ತು. ಮೋಹನ್‌ಬಾಬು ಮುರಳಿಮೋಹನ್ ಕಡೆ ನೋಡಿದರು. ಮುರಳಿಮೋಹನ್ ಪೆನ್ನಿನಿಂದ ಕಿವಿ ಕೆರೆದುಕೊಂಡು, "ಆನೆ ಸುತ್ತಿಕೊಂಡು ಮಲಗಿದೆ ಅಮ್ಮ" ಎಂದರು.

"ನಮ್ಮ ರುಕ್ಮಿಣಿ ನಿಂತ್ಕೊಂಡೇ ನಿದ್ದೆ ಮಾಡ್ತಿದ್ಲು!"

"ಅದು ಸೇವೆಯಲ್ಲಿದ್ದಾಗ ಅಮ್ಮ. ಈಗ ನಿವೃತ್ತಿ ಅಲ್ವಾ?"

ಸಾಲಿನಲ್ಲಿದ್ದ ಒಬ್ಬ ರೈತ, "ಬರ್ಕೊಡಿ ಮೇಡಂ, ನಮಗೂ ಅರ್ಜಿ ಹಾಕೋದಿದೆ. ಐದಕ್ಕೆ ಬಾಗಿಲು ಹಾಕ್ತಾರೆ" ಎಂದ. ಕೆಂಪರಾಜು ಗಡಿಯಾರ ನೋಡಿದ.

ಗಂಗುಲಮ್ಮ ರುಕ್ಮಿಣಿಯ ಕಡೆ ತಿರುಗಿದರು. ನಾಲ್ಕು ನಿಲ್ದಾಣ ನಡೆದು ಕಾಲು ಊದಿಕೊಂಡಿತ್ತು. ರುಜು ಹಾಕದೆ ಹೋದರೆ ಇವರು ಆನೆಯನ್ನು ಸೇರಿಸುವುದಿಲ್ಲ. ಇನ್ನೂ ಆರು ವರ್ಷ ಇನ್ನೊಬ್ಬ ವಾರಸುದಾರರನ್ನು ಹುಡುಕುತ್ತಾರೆ. ಆಗಲೂ ಒಂದು ಅರ್ಜಿಯಿಲ್ಲದೆ ಆ ಹಣೆಯ ಮೇಲೆ ಕೈಯಿಡಲು ತನಗೆ ಹಕ್ಕಿರುವುದಿಲ್ಲ. ತುಂಬ ಹೊತ್ತು ಯೋಚಿಸಿದ ಮೇಲೆ ಕೇಳಿದರು: "ತಿಂಗಳಿಗೊಂದು ಸಲ ಬರ್ತೀನಿ. ಅರ್ಜಿ ಗಿರ್ಜಿ ಇಲ್ದೆ ಕಾಲು ಗಂಟೆ ಇವಳ ಪಕ್ಕ ಕೂತ್ಕೊಂಡು ಮುಟ್ಟೋಕೆ ಬಿಡ್ತೀರಾ?"

"ವಾರಸುದಾರರ ಭೇಟಿ ಅಂತ ಪಾಸ್ ಮಾಡಿಸ್ತೀನಿ" ಎಂದರು ಮುರಳಿಮೋಹನ್ ತಕ್ಷಣ. "ಶಾಶ್ವತ ಪಾಸು."

ಗಂಗುಲಮ್ಮ ರುಜು ಹಾಕಿದರು. "ಮೃತರೊಂದಿಗೆ ಸಂಬಂಧ" ಎಂಬಲ್ಲಿ ಏನು ಬರೆಯುವುದೆಂದು ತಿಳಿಯದೆ, ಕೊನೆಗೆ "ತಂಗಿ" ಎಂದು ಬರೆದರು. ಮುರಳಿಮೋಹನ್ ಅದನ್ನು ಓದಿ, ಆಧಾರ್ ಕಾರ್ಡಿನ ನಕಲು ಕೇಳಿದರು. ಆಮೇಲೆ ಕೆಂಪರಾಜು ತನ್ನ ಕುರ್ಚಿಯನ್ನೇ ತಂದು ಹಾಕಿಕೊಟ್ಟ. ಐದು ಗಂಟೆಯಾಗುವ ತನಕ ಅವರು ಗುಳಿಯಲ್ಲಿ ಮೂರು ಬೆರಳಿಟ್ಟುಕೊಂಡು ಕೂತರು. ಅವರ ಮೊಣಕೈ ಪಕ್ಕದಿಂದ ಜನ ಅರ್ಜಿ ಹಾಕುತ್ತಲೇ ಇದ್ದರು. ಒಬ್ಬ ಮುದುಕಿ ಆನೆಗೆ ಕೈಮುಗಿದು, ಹಾಗೇ ಗಂಗುಲಮ್ಮನಿಗೂ ಮುಗಿದಳು.

ಆ ತಿಂಗಳ ಕೊನೆಯಲ್ಲಿ ಇಪ್ಪತ್ತೆರಡು ಜನರಿಗೂ ಬಡ್ತಿ ಬಂತು. ನಾಲ್ಕು ತಾಲ್ಲೂಕುಗಳನ್ನೂ ಒಂದೇ ಸಂಗ್ರಹಾಲಯವೆಂದು ಘೋಷಿಸಲಾಯಿತು. ಸಂಗ್ರಹಾಲಯದೊಳಗೆ ವಾಹನ ನಿಷೇಧವಿರುವುದರಿಂದ ನಾಲ್ಕು ತಾಲ್ಲೂಕಿನ ವಾಹನಗಳಿಗೂ ವಿನಾಯಿತಿ ಚೀಟಿ ಕಡ್ಡಾಯವಾಯಿತು; ಚೀಟಿ ಕೊಡಲು ಇನ್ನೊಂದು ಕಚೇರಿ ಬೇಕಾಯಿತು. ಹೊಸದಾಗಿ ಮದುವೆಯಾಗಿ ಬಂದವರಿಗೆ "ಆನೆಯೊಳಗಿನ ನಿವಾಸಿ" ಎಂಬ ದೃಢೀಕರಣ ಪತ್ರ ಸಿಗತೊಡಗಿತು. ತಮಗೊಂದು ಅಂಗವೂ ಬಂದಿಲ್ಲವೆಂದು ಮಂಚೇನಹಳ್ಳಿಯವರು ರಸ್ತೆಯಲ್ಲಿ ಕೂತಾಗ, ತಲೆಗೂ ಮುಂಗಾಲಿಗೂ ನಡುವೆ ಇರುವುದರಿಂದ ಅದೇ ಕುತ್ತಿಗೆಯೆಂದು ಅಂದೇ ಸಂಜೆ ಆದೇಶ ಬಂದು, ಅವರು ಪಟಾಕಿ ಹೊಡೆದು ಎದ್ದು ಹೋದರು.

ಗಂಗುಲಮ್ಮ ಹೇಳಿದಂತೆ ತಿಂಗಳಿಗೊಂದು ಸಲ ಹೋಗಿ ಬರುತ್ತಾರೆ. ಮೂರನೆಯ ಸಲ ಹಿಂದಿರುಗುವಾಗ ಬಸ್ಸಿನಲ್ಲಿ ಪಕ್ಕ ಕೂತವರು ರಾಮಲಕ್ಷ್ಮಮ್ಮ ಎಂಬ ಹೆಂಗಸು, ಮಗಳ ಮನೆಗೆ ಹೊರಟವರು. ಕಂಡಕ್ಟರ್ ಚೀಟಿ ಹರಿಯುತ್ತ ಬಂದ.

"ನಂಗೆ ಕುತ್ತಿಗೆ ಕೊಡಪ್ಪ" ಎಂದರು ರಾಮಲಕ್ಷ್ಮಮ್ಮ. "ಹೋದ್ಸಾರಿ ಮಾತಾಡ್ತಾ ಮಾತಾಡ್ತಾ ಕಾಲಿಗೇ ಹೋಗ್ಬಿಟ್ಟಿದ್ದೆ. ಸ್ಟಾಪ್ ಬಂದಾಗ ಜೋರಾಗಿ ಕೂಗು."

ಕಂಡಕ್ಟರ್ ಗಂಗುಲಮ್ಮನ ಕಡೆ ತಿರುಗಿದ. "ನಿಮಗೆ ಎಲ್ಲಿಗಮ್ಮ?"

ಗಂಗುಲಮ್ಮ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ಸಂಜೆಯ ಬಿಸಿಲಲ್ಲಿ ಜೋಳದ ಹೊಲಗಳು, ಅವುಗಳಾಚೆ ಗುಡ್ಡ.

"ಮುಂಗಾಲು" ಎಂದರು. ಒಂದು ಕ್ಷಣ ತಡೆದು, ಪಾಠ ಹೇಳಿಕೊಡುವ ದನಿಯಲ್ಲೇ ತಿದ್ದಿಕೊಂಡರು: "ಬಲಗಾಲು."

"ಬಲಗಾಲು ಒಂದು" ಎಂದು ಕಂಡಕ್ಟರ್ ಚೀಟಿ ಹರಿದುಕೊಟ್ಟ.